ಹುಣ್ಣಿಮೆ ಮಾಮ

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಟೀ ಅಂಗಡಿಯಲ್ಲಿ ಗೋಡೆಗೊಂದು ಕ್ಯಾಲೆಂಡರ್ ನೇತಾಡುತ್ತದೆ. ಅದರ ಕೆಳಗಿನ ಬೆಂಚು ಹುಣ್ಣಿಮೆ ಮಾಮನದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಅಷ್ಟೂ ವರ್ಷ ಒಂದು ಹುಣ್ಣಿಮೆಗೂ ನೈಟ್ ಶಿಫ್ಟ್ ತಪ್ಪಿಸಲಿಲ್ಲ. ತಪ್ಪಿಸಿದರೆ ಸಂಬಳ ಕಟ್. ಹುಣ್ಣಿಮೆಯ ಕಾಟ ಶುರುವಾದದ್ದು ರಿಟೈರ್ ಆದ ಮೇಲೆ.

ಮೊನ್ನೆ ಫೌಂಡ್ರಿಯ ಹುಡುಗನೊಬ್ಬ ಮುಖ ಇಳಿಬಿಟ್ಟುಕೊಂಡು ಬಂದ. ಎರಕದಲ್ಲಿ ಗಾಳಿತೂತು ಬಿದ್ದು ಮಾಲೆಲ್ಲ ರಿಜೆಕ್ಟ್ ಆಗಿತ್ತು.

"ನಿನ್ನೆ ಏನು?" ಮಾಮ ಕಣ್ಣಲ್ಲೇ ಕ್ಯಾಲೆಂಡರ್ ತೋರಿಸಿದರು.

"ಚತುರ್ದಶಿ."

"ಮತ್ತೆ!"

"ಅಚ್ಚಿನ ಮರಳಲ್ಲಿ ತೇವ ಜಾಸ್ತಿಯಾಗಿತ್ತು ಅಂದ್ರು ಸೂಪರ್‌ವೈಸರ್ರು."

"ತೇವ ಎಲ್ಲಿಂದ ಬಂತೋ? ಚಂದ್ರ ಅಂದ್ರೇನೇ ನೀರು."

ಹುಣ್ಣಿಮೆ ಇನ್ನೂ ಬಂದಿರಲಿಲ್ಲವಲ್ಲ ಎಂದು ಕೇಳುವಂತಿಲ್ಲ. ಮಾಮನ ಲೆಕ್ಕದಲ್ಲಿ ಹುಣ್ಣಿಮೆಗೆ ಹಿಂದೆ ಮೂರು ದಿನ, ಮುಂದೆ ಮೂರು ದಿನ ಸೇರಿಕೊಳ್ಳುತ್ತವೆ. ಅಮಾವಾಸ್ಯೆಗೂ ಅದೇ ರಿಯಾಯಿತಿ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇರುವುದು ಸುಮಾರು 29 ದಿನ 12 ಗಂಟೆ 44 ನಿಮಿಷ. ಅದರಲ್ಲಿ 14 ದಿನ ಹೀಗೇ ಚಂದ್ರನ ಪಾಲು. ಮಿಕ್ಕ ದಿನಗಳಲ್ಲಿ ಕೆಟ್ಟದ್ದಾದರೆ? ಅದು ದೃಷ್ಟಿ. ನಾಯಿ ಊಳಿಟ್ಟದ್ದು, ಮಂಡಿ ನೋವು, ಬೀಗರ ಮುನಿಸು ಎಲ್ಲಕ್ಕೂ ಆ ಕ್ಯಾಲೆಂಡರಿನಲ್ಲಿ ಜಾಗವಿದೆ. ಏನೂ ಆಗದ ಹುಣ್ಣಿಮೆಗಳನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ.

ವಿಜ್ಞಾನವೂ ಅವರ ಕೈಯಲ್ಲಿದೆ. "ಸಮುದ್ರಾನೇ ಎಳೆಯೋ ಚಂದ್ರ, ನೀರೇ ತುಂಬಿರೋ ಮನುಷ್ಯನ್ನ ಬಿಡ್ತಾನಾ?"

ಒಮ್ಮೆ ನಾನು ಬಾಯಿ ಹಾಕಿದೆ. "ಮಾಮ, ಹುಣ್ಣಿಮೆಗೆ ಭದ್ರಾ ನಾಲೇಲಿ ಒಂದಿಂಚೂ ನೀರು ಏರಲ್ವಲ್ಲ?"

"ನಾಲೆಗೆ ಗೇಟಿದೆ ಕಣೋ. ನಿನ್ನ ತಲೆಗೆ ಗೇಟಿದೆಯಾ?"

ಇಷ್ಟಾದರೂ ಭೂಮಿ ಹುಣ್ಣಿಮೆ ಬಂದರೆ ಮಾಮ ಬೇರೆಯೇ ಮನುಷ್ಯ. ಸಾಗರದ ಕಡೆ ತಂಗಿಯ ಮನೆಗೆ ಹೊರಟುಬಿಡುತ್ತಾರೆ. ಅಲ್ಲಿ ಹೊಡೆ ತುಂಬಿದ ಭತ್ತದ ಗದ್ದೆ ಬಸುರಿ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅವಳಿಗೆ ಬಯಕೆಯ ಊಟ ಹೊತ್ತು ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಬೇಕು. ಆ ಹುಣ್ಣಿಮೆ ಕೆಟ್ಟದ್ದಲ್ಲವೇ ಎಂದರೆ, "ಅದು ಊಟದ ಹುಣ್ಣಿಮೆ ಮಾರಾಯ" ಎಂದು ಕಡುಬಿನ ಎಣಿಕೆಗೆ ಇಳಿಯುತ್ತಾರೆ.

ಗ್ರಹಣಕ್ಕೆ ಮಾತ್ರ ರಿಯಾಯಿತಿಯಿಲ್ಲ. 2025ರ ಸೆಪ್ಟೆಂಬರ್ 7, ಭಾನುವಾರ, ಭಾದ್ರಪದದ ಹುಣ್ಣಿಮೆ. ಸಂಜೆಗೇ ಮಾಮ ನೀರಿನ ಡ್ರಮ್ಮಿಗೆ, ಉಪ್ಪಿನಕಾಯಿ ಭರಣಿಗೆ, ಬಿ.ಪಿ. ಮಾತ್ರೆಯ ಡಬ್ಬಿಗೆ ದರ್ಬೆ ಹಾಕಿದರು. ಒಂದು ಎಸಳು ಮಿಕ್ಕಿತು, ಮೊಬೈಲಿನ ಮೇಲಿಟ್ಟರು.

ರಾತ್ರಿ 9.57ಕ್ಕೆ ನೆರಳು ಚಂದ್ರನ ಅಂಚು ಕಚ್ಚಿತು. 11.01ಕ್ಕೆ ಪೂರ್ತಿ ನುಂಗಿತು. ಮೋಡದ ಸಂದಿಯಲ್ಲಿ ತಾಮ್ರದ ತಂಬಿಗೆಯ ತಳದಂತೆ ಚಂದ್ರ ಕಾಣುತ್ತಿದ್ದಾಗ ತಾರಸಿಯ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು. ಮಾಮ.

"ನಿಮ್ಮನ್ನೆಲ್ಲ ಒಳಗೆ ಕಳಿಸೋಣ ಅಂತ ಬಂದೆ" ಎಂದರು. ಕಳಿಸಲಿಲ್ಲ. ಕತ್ತೆತ್ತಿ ನಿಂತರು. "ಕುಲುಮೆ ಬಾಯಿ ತೆಗೆದಾಗ ಹಿಂಗೇ ಬಣ್ಣ ಬರ್ತಿತ್ತು" ಎಂದರು, ಯಾರಿಗೂ ಅಲ್ಲ ಎಂಬಂತೆ. 12.23ಕ್ಕೆ ಬಿಳಿ ಗೆರೆ ಮೂಡಿತು. 1.26ಕ್ಕೆ ಗ್ರಹಣ ಪೂರ್ತಿ ಬಿಟ್ಟಾಗ ತಾರಸಿಯಲ್ಲಿ ಉಳಿದಿದ್ದವರು ಮಾಮ ಒಬ್ಬರೇ.

ಮರುದಿನ ಬೆಂಚಿನ ಮೇಲೆ ಮಫ್ಲರ್ ಸುತ್ತಿಕೊಂಡು ಒಂದೇ ಸಮನೆ ಸೀನುತ್ತಿದ್ದರು. ಫೌಂಡ್ರಿ ಹುಡುಗ ಸೇಡು ತೀರಿಸಿಕೊಳ್ಳಲು ಕಾದಿದ್ದ.

"ಏನ್ ಮಾಮ, ಗ್ರಹಣದ ದೋಷನಾ?"

"ಎಂಥ ದೋಷನೋ! ತಲೆಗೆ ಟವೆಲ್ಲೂ ಇಲ್ದೆ ಅರ್ಧರಾತ್ರಿ ತಾರಸೀಲಿ ನಿಂತಿದ್ದೆ, ಥಂಡಿ ಹಿಡೀತು. ಅದಕ್ಕೂ ಚಂದ್ರನ್ನ ಬೈಯೋಕಾಗುತ್ತಾ?"