ಅಲ್ಲಿ ಯಾರಿದ್ದಾರೆ ನಿಮಗೆ?

ಮಂಗಳೂರಿನಲ್ಲಿ ವಿದೇಶಕ್ಕೆ ಹೋಗುವುದು ಸುದ್ದಿಯೇ ಅಲ್ಲ. ಬಜ್ಪೆಯಲ್ಲಿ ದುಬೈ ವಿಮಾನ ಹತ್ತುವವರಿಗೆ ಸ್ಟೇಟ್‌ಬ್ಯಾಂಕಿನಲ್ಲಿ ಸಿಟಿ ಬಸ್ಸು ಹತ್ತುವವರಷ್ಟೂ ಗಡಿಬಿಡಿ ಇರುವುದಿಲ್ಲ. ಯಾವ ಓಣಿ ಹೊಕ್ಕರೂ ಕುವೈತಿನಲ್ಲೊಬ್ಬ ಮಗ, ಟೊರೊಂಟೊದಲ್ಲೊಬ್ಬಳು ಮಗಳು ಇರುವ ಮನೆ ಸಿಕ್ಕೇ ಸಿಗುತ್ತದೆ. ಹಾಗಾಗಿ ನಾವಿಬ್ಬರು ಈ ವಯಸ್ಸಿನಲ್ಲಿ ಎರಡು ತಿಂಗಳು ಜರ್ಮನಿಯಲ್ಲಿ ಇದ್ದು ಬರುತ್ತೇವೆ ಎಂದಾಗ ಯಾರೂ ಹುಬ್ಬೇರಿಸಲಿಲ್ಲ. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಯಾರಿದ್ದಾರೆ ನಿಮಗೆ?"

ಯಾರೂ ಇಲ್ಲ ಎಂದೆ ನೋಡಿ, ಆಗ ಹುಬ್ಬು ಮೇಲೆ ಹೋಯಿತು.

ಪಕ್ಕದ ಮನೆಯ ಬಾಯಮ್ಮನಂತೂ ಬಸಳೆ ಕೊಯ್ಯುವುದನ್ನೇ ನಿಲ್ಲಿಸಿದರು. ನಮ್ಮಿಬ್ಬರ ಮನೆಯ ನಡುವೆ ಎದೆಮಟ್ಟದ ಒಂದು ಪಾಗಾರ ಉಂಟು. ಅದರ ಮೇಲೆ ಹಬ್ಬಿದ ಬಸಳೆ ನನ್ನದು, ಕೊಯ್ಯುವುದು ಹೆಚ್ಚಾಗಿ ಅವರು.

"ಯಾರೂ ಇಲ್ಲದ ಊರಿಗೆ ಎಂತಕ್ಕೆ ಹೋಗುವುದು ಟೀಚರೇ?"

"ಯಾರೂ ಇಲ್ಲ ಅಂತಲೇ ಹೋಗುವುದು ಬಾಯಮ್ಮ."

ಅವರಿಗೆ ಅದು ತಮಾಷೆ ಎನಿಸಿತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮದೇ ಲೆಕ್ಕ ತೆಗೆದರು. "ನಾನು ಟೊರೊಂಟೊಕ್ಕೆ ಎಷ್ಟೋ ಸಲ ಹೋದೆ. ಮಗಳ ಬಾಣಂತನಕ್ಕೆ ಒಮ್ಮೆ, ಮಗುವನ್ನು ನೋಡಿಕೊಳ್ಳಲಿಕ್ಕೆ ಒಮ್ಮೆ, ಅಳಿಯನಿಗೆ ಕೆಲಸ ಬದಲಾದಾಗ ಮತ್ತೊಮ್ಮೆ. ಅಡುಗೆಮನೆ ಕಿಟಕಿಯಿಂದ ಎಷ್ಟು ಹಿಮ ನೋಡಿದೆನೋ ಲೆಕ್ಕ ಇಲ್ಲ. ನಾಯಾಗರ ನೋಡಿದ್ದು ಒಂದೇ ಸಲ, ಅದೂ ಮಗುವಿನ ಗಾಡಿ ದೂಡಿಕೊಂಡು."

ನಮ್ಮ ಕಡೆಯ ಹಿರಿಯರ ವಿದೇಶ ಪ್ರವಾಸ ಹೆಚ್ಚಾಗಿ ಇಷ್ಟೇ. ಇರುವುದು ಆರು ತಿಂಗಳು, ಆದರೆ ಅದು ನಮ್ಮ ಪ್ರವಾಸ ಅಲ್ಲ, ಮಕ್ಕಳ ಸಂಸಾರಕ್ಕೆ ನಮ್ಮ ಡ್ಯೂಟಿ. ಇನ್ನೊಂದು ನಮೂನೆ ಉಂಟು, ಹದಿನೈದು ದಿನದಲ್ಲಿ ಹತ್ತು ದೇಶ ತೋರಿಸುವ ಪ್ಯಾಕೇಜು. ಬೆಳಿಗ್ಗೆ ಐದೂವರೆಗೆ ಪೆಟ್ಟಿಗೆ ಕೋಣೆಯ ಹೊರಗಿಡಬೇಕು. ಊಟಕ್ಕೆ ಅದೇ ದಾಲ್, ಅದೇ ಜೀರಾ ರೈಸ್. ಬಂದ ಮೇಲೆ ಫೋಟೊ ನೋಡಿ ಇದು ಯಾವ ಊರು ಎಂದು ಗಂಡ ಹೆಂಡತಿ ಜಗಳ. ಮಂಡಿ ಸವೆದವರು ಈ ಎರಡರ ನಡುವೆ ಮೂರನೆಯದೊಂದನ್ನು ಹುಡುಕಿಕೊಳ್ಳಬೇಕು.

ವಯಸ್ಸಾದ ಮೇಲೆ ಹೊರಟವರು ನಾವೇ ಮೊದಲಿಗರೇನಲ್ಲ. ಎ.ಎನ್. ಮೂರ್ತಿರಾಯರು ತಮ್ಮ ಪುಸ್ತಕಕ್ಕೆ 'ಅಪರವಯಸ್ಕನ ಅಮೆರಿಕಾ ಯಾತ್ರೆ' ಎಂದೇ ಹೆಸರಿಟ್ಟರು. 1904ರಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಎಪ್ಪತ್ತು ದಾಟಿದ ಮೇಲೆ ಅಮೆರಿಕ ನೋಡಿ ಬರೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇವರೆಲ್ಲ ದೊಡ್ಡವರು ಎನ್ನುವುದಾದರೆ ಇಲ್ಲೇ ಕೆಳಗೆ ಕೊಚ್ಚಿಯಲ್ಲಿ ಸಣ್ಣ ಚಹಾ ಅಂಗಡಿ ಇಟ್ಟಿದ್ದ ವಿಜಯನ್ ಮತ್ತು ಮೋಹನಾ ದಂಪತಿ ಇದ್ದರಲ್ಲ. ಚಹಾ ಮಾರಿದ ದುಡ್ಡು ಕೂಡಿಸಿ, ಸಾಲದಕ್ಕೆ ಸಾಲ ಮಾಡಿ, ತೀರಿಸಿ, ಮತ್ತೆ ಹೊರಟು ಇಪ್ಪತ್ತೈದಕ್ಕೂ ಹೆಚ್ಚು ದೇಶ ನೋಡಿದರು. 2021ರ ನವೆಂಬರಿನಲ್ಲಿ ವಿಜಯನ್ ತೀರಿಕೊಂಡರು, ರಷ್ಯಾ ನೋಡಿ ಬಂದು ಸ್ವಲ್ಪವೇ ದಿನಕ್ಕೆ. ಅವರಿಗೆ ಅಲ್ಲೆಲ್ಲ ಯಾರಿದ್ದರು?

"ಅದೆಲ್ಲ ಸರಿ, ಜರ್ಮನಿಯೇ ಯಾಕೆ?" ಬಾಯಮ್ಮ ಬಿಡಲಿಲ್ಲ.

"ಅಲ್ಲಿ ಕಿಟೆಲ್ ಇದ್ದಾರೆ" ಎಂದೆ.

"ಯಾವ ಕಿಟೆಲ್? ಡಿಕ್ಷನರಿಯ ಕಿಟೆಲಾ? ಸಾಯ್ಬಾ! ಅವರು ಸತ್ತು ಕಾಲ ಎಷ್ಟಾಯಿತು?"

1903ಕ್ಕೆ, ಟ್ಯೂಬಿಂಗೆನ್ ಎಂಬ ಊರಿನಲ್ಲಿ. ನೆಕರ್ ನದಿಯ ದಡದ ಸಣ್ಣ ಊರದು, ವಿಶ್ವವಿದ್ಯಾಲಯ ಮಾತ್ರ 1477ರದ್ದು. 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ನಿಘಂಟು ಹೊರಬಂದ ಮೇಲೆ ಕಿಟೆಲರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಅದೇ ವಿಶ್ವವಿದ್ಯಾಲಯ. ಅಲ್ಲಿಂದ ಕೆಳಗೆ ಗಡಿಯಲ್ಲಿ ಬಾಸೆಲ್. ಆಯುಷ್ಯವೆಲ್ಲ ಕನ್ನಡ ಪಾಠ ಮಾಡಿದ ನನಗೆ ಆ ಎರಡು ಊರು ಸಾಕು. ಬಾಸೆಲಿನಿಂದ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ತಿಂಗಳುಗಟ್ಟಲೆ ಹಡಗಿನಲ್ಲಿ ಕೂತು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಹಿಂದೆ ಬಂದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದರು. 1865ರಲ್ಲಿ ಜೆಪ್ಪುವಿನಲ್ಲಿ ಅದೇ ಮಿಷನ್ನಿನವರ ಹಂಚಿನ ಕಾರ್ಖಾನೆ ಶುರುವಾಯಿತು. ನನ್ನ ತಲೆಯ ಮೇಲಿನ ಮಾಡೂ ನನ್ನ ಕಪಾಟಿನ ಡಿಕ್ಷನರಿಯೂ ಅವರ ಕಡೆಯಿಂದಲೇ. ಆ ಮೂವರು ಬಂದಿಳಿದಾಗ ಇಲ್ಲಿ ಅವರಿಗೆ ಯಾವ ನೆಂಟರಿದ್ದರು?

"ಅವರು ದೇವರ ಕೆಲಸಕ್ಕೆ ಬಂದದ್ದು. ನೀವು ಎಂತ ಕೆಲಸಕ್ಕೆ ಹೋಗುವುದು?"

ಇದಕ್ಕೆ ನನ್ನಲ್ಲಿ ಉತ್ತರ ತಯಾರಿತ್ತು: ಏನೂ ಕೆಲಸ ಇಲ್ಲ. ಎಷ್ಟು ಹೊತ್ತಿಗೆ ಏಳಬೇಕೆಂದು ಕೇಳುವವರಿಲ್ಲ, ಯಾರ ಮಗುವಿಗೂ ಗಂಜಿ ಮಾಡಲಿಕ್ಕಿಲ್ಲ, ಯಾರ ಹತ್ತಿರವೂ "ನಿಮ್ಮ ಅಮ್ಮ ಪಾತ್ರೆ ಎಲ್ಲಿಟ್ಟರು" ಎಂದು ಕೇಳಿಸಿಕೊಳ್ಳಲಿಕ್ಕಿಲ್ಲ. ಬೆಳಿಗ್ಗೆ ಪೇಟೆಗೆ ಹೋಗಿ ತರಕಾರಿ ತಂದು ಅಡುಗೆ ಮಾಡಿ, ಮಧ್ಯಾಹ್ನ ಮಲಗಿ, ಸಂಜೆ ಹೊಳೆಯ ಬದಿ ಕೂರುವುದು. ವಾರಕ್ಕೊಂದು ಊರು ನೋಡಿದರೆ ಹೆಚ್ಚಾಯಿತು.

ನನ್ನ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಖಾಲಿ ದಿನ ಕಂಡರೆ ಅವರಿಗೆ ಟ್ಯಾಲಿ ಆಗದ ಲೆಡ್ಜರ್ ಕಂಡ ಹಾಗೆ ಆಗುತ್ತದೆ. ಮೊದಲ ಪ್ಲಾನಿನಲ್ಲಿ ಪ್ಯಾರಿಸ್, ಪ್ರಾಗ್, ವೆನಿಸ್ ಎಲ್ಲ ಇತ್ತು. ನಾನು ಕೆಂಪು ಪೆನ್ನಿನಲ್ಲಿ ಒಂದೊಂದೇ ಹೊಡೆದು ಹಾಕಿದೆ. ಆದರೆ ಅವರು ಹುಡುಕಿ ತೆಗೆದ ಒಂದು ವಿಷಯ ನನಗೆ ಭಾರೀ ಹಿಡಿಸಿತು. ಜರ್ಮನಿಯಲ್ಲಿ ಒಂದು ತಿಂಗಳ ಟಿಕೇಟು ಉಂಟಂತೆ, ಇಡೀ ದೇಶದ ಸಿಟಿ ಬಸ್ಸು, ಲೋಕಲ್ ರೈಲಿಗೆಲ್ಲ ನಡೆಯುತ್ತದೆ. 2023ರಲ್ಲಿ ಶುರುವಾದಾಗ 49 ಯೂರೊ ಇದ್ದದ್ದು 2025ಕ್ಕೆ 58, 2026ಕ್ಕೆ 63 ಆಯಿತು. ವೇಗದ ರೈಲಿಗೆ ಮಾತ್ರ ಆಗುವುದಿಲ್ಲ. ಆಗದಿದ್ದರೆ ಒಳ್ಳೆಯದೇ, ನಮಗೆ ಬೇಕಾದ್ದು ಊರೂರಿಗೆ ನಿಲ್ಲುವ ರೈಲು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಆದರೆ ಜರ್ಮನಿಯವರದ್ದೇ ಒಂದು ಸ್ಟೇಷನ್ ಆ ಊರಿನೊಳಗೆ ಇರುವುದರಿಂದ ಅಲ್ಲಿಯವರೆಗೂ ಇದೇ ಟಿಕೇಟು ಸಾಕು. ತಿಂಗಳ ಹತ್ತನೇ ತಾರೀಕಿನೊಳಗೆ ಬೇಡ ಎಂದು ಹೇಳದಿದ್ದರೆ ಮುಂದಿನ ತಿಂಗಳಿಗೂ ದುಡ್ಡು ಹಿಡಿಯುತ್ತಾರೆ. ಅದನ್ನು ಇವರು ಕೆಂಪು ಅಕ್ಷರದಲ್ಲಿ ಬರೆದಿಟ್ಟಿದ್ದಾರೆ.

ವೀಸಾ ಒಂದೇ ಸಾಕು, ಷೆಂಗೆನ್. 180 ದಿನದಲ್ಲಿ 90 ದಿನ ಇರಬಹುದು. ಫೀಸು ತಲೆಗೆ 90 ಯೂರೊ. ಕಮ್ಮಿಯೆಂದರೆ 30,000 ಯೂರೊದ ಆರೋಗ್ಯ ವಿಮೆ ಬೇಕು. ವಿಮೆಯ ವಿಷಯದಲ್ಲಿ ವಯಸ್ಸಾದವರು ಕಣ್ಣು ಬಿಟ್ಟು ಓದಬೇಕು. ಬಿ.ಪಿ., ಶುಗರ್ ಮೊದಲೇ ಇದ್ದರೆ ಅದರಿಂದಾಗುವ ಖರ್ಚು ಕೊಡುತ್ತಾರೋ ಇಲ್ಲವೋ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ ಕಟ್ಟಿದ ದುಡ್ಡು ನೀರಿಗೆ ಹೋದ ಹಾಗೆಯೇ. ಎರಡು ತಿಂಗಳ ಗುಳಿಗೆ ಇಲ್ಲಿಂದಲೇ, ಅದೂ ಕೈಚೀಲದಲ್ಲಿ. ಡಾಕ್ಟರ ಚೀಟಿಯಲ್ಲಿ ಕಂಪೆನಿ ಹೆಸರಲ್ಲ, ಮದ್ದಿನ ಹೆಸರು ಇರಬೇಕು.

ವೀಸಾಕ್ಕೆ ಬೆರಳಚ್ಚು ಕೊಡಲು ನಾವು ಬೆಂಗಳೂರಿಗೆ ಹೋಗಬೇಕು. ನನಗೆ ಮಂಡೆಬಿಸಿ ಇರುವುದು ಅದರದ್ದೇ. ಸೀಮೆಸುಣ್ಣ ಹಿಡಿದು ಸವೆದ ಬೆರಳು ಆ ಮೆಷಿನ್ನಿಗೆ ಸಿಗುತ್ತದೋ ಇಲ್ಲವೋ. ಅದಕ್ಕೂ ಮೊದಲು ಮಳೆಗಾಲದಲ್ಲಿ ಶಿರಾಡಿ ಘಾಟಿ ಜರಿಯದೆ ನಿಲ್ಲಬೇಕು. ಫ್ರಾಂಕ್‌ಫರ್ಟ್ ತಲುಪುವುದು ಕಷ್ಟವಲ್ಲ ಮಾರಾಯ್ರೆ, ಸಕಲೇಶಪುರ ತಲುಪುವುದು ಕಷ್ಟ.

ಹೋಗುವ ಕಾಲವನ್ನು ಗೊತ್ತು ಮಾಡಿದ್ದೂ ಮಳೆಯೇ. ಅಲ್ಲಿ ಬೇಸಿಗೆಯಾದ ಜೂನ್, ಜುಲೈ ಇಲ್ಲಿ ಮಳೆಗಾಲ. ಹಂಚಿನ ಮನೆಗೆ ಆಟಿ ತಿಂಗಳಲ್ಲಿ ಬೀಗ ಹಾಕಿ ಹೋದರೆ ವಾಪಸು ಬರುವಾಗ ಕಪಾಟಿನ ರೇಷ್ಮೆ ಸೀರೆಗೂ ಗೋಡೆಯ ಫೋಟೊಕ್ಕೂ ಚಪ್ಪಲಿಗೂ ಒಂದೇ ಬಣ್ಣದ ಬೂಸು. ಒಂದು ತೆಂಗಿನಕಾಯಿ ಬಿದ್ದು ಹಂಚು ಒಡೆದರೆ ಚಾವಡಿಯಲ್ಲೇ ಕೆರೆ. ಅದಕ್ಕೆ ಸೆಪ್ಟೆಂಬರ್ ಮಧ್ಯ ಎಂದು ನಿಶ್ಚಯ ಮಾಡಿದೆವು. ಮೊಂತಿ ಫೆಸ್ತ್ ಹಬ್ಬದ ಊಟ ಮುಗಿಸಿಯೇ ಹೋಗಬೇಕೆಂದು ಬಾಯಮ್ಮನ ಆಜ್ಞೆ. ಕುದ್ರೋಳಿಯ ದಸರಾ ಈ ಸಲ ತಪ್ಪುತ್ತದೆ, ಅದೊಂದು ಬೇಜಾರು. ನವೆಂಬರಿನಲ್ಲಿ ವಾಪಸು ಬರಲೇಬೇಕು, ಪೆನ್ಶನ್‌ನವರು ಬದುಕಿದ್ದೇವೆಂದು ಸರ್ಟಿಫಿಕೇಟ್ ಕೊಡುವ ತಿಂಗಳದು. ಈಗ ಮೊಬೈಲಿಗೆ ಮುಖ ತೋರಿಸಿಯೂ ಕೊಡಬಹುದು ಎಂದೆ. "ಬ್ಯಾಂಕಿಗೆ ಹೋಗಿ ನಾಲ್ಕು ಜನ ನೋಡಿದರೇ ಬದುಕಿದ್ದ ಹಾಗೆ" ಎಂದು ಇವರ ವಾದ.

ಊಟದ ಮಾತು ಬಂದಾಗ ಬಾಯಮ್ಮ ಪಾಗಾರಕ್ಕೆ ಇನ್ನಷ್ಟು ಹತ್ತಿರ ಬಂದರು. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರಬಾರದೆಂದು ಯುರೋಪಿನವರ ನಿಯಮ. ಅಂದರೆ ತುಪ್ಪದ ಡಬ್ಬಿ ಇಲ್ಲ, ಪೇಡೆ ಇಲ್ಲ. ಆದರೆ ಮೀನು? ಒಬ್ಬರಿಗೆ 20 ಕಿಲೋ ತನಕ ಬಿಡುತ್ತಾರೆ. ಹಣ್ಣು ತರಕಾರಿಗೆಲ್ಲ ಸರ್ಟಿಫಿಕೇಟ್ ಕೇಳುತ್ತಾರೆ, ಬಾಳೆಹಣ್ಣು, ಅನಾನಸು, ತೆಂಗಿನಕಾಯಿ, ಖರ್ಜೂರ, ಡೂರಿಯನ್ ಎಂಬ ಐದಕ್ಕೆ ಮಾತ್ರ ಕೇಳುವುದಿಲ್ಲ.

"ಮೀನು, ತೆಂಗಿನಕಾಯಿ, ಬಾಳೆಹಣ್ಣು! ಆ ಕಾನೂನು ಬರೆದವ ನಮ್ಮ ಬಂದರಿನವನೇ ಇರಬೇಕು" ಎಂದು ಬಾಯಮ್ಮ ಗಮ್ಮತ್ತಿನಲ್ಲಿ ನಕ್ಕರು. ಒಣಸಿಗಡಿ ಚಟ್ನಿ ಕಟ್ಟಿ ಕೊಡುತ್ತೇನೆಂದು ಅಲ್ಲೇ ಹೊರಟರು. ನಾವು ಮೀನು ತಿನ್ನುವವರಲ್ಲ ಎಂಬುದು ಇಷ್ಟು ವರ್ಷ ಪಕ್ಕದಲ್ಲಿದ್ದೂ ಅವರು ಒಪ್ಪದ ಸಂಗತಿ. ಒಣಕೊಬ್ಬರಿ ಕೊಡುತ್ತೇನೆ ಎಂದರು. ಅದಕ್ಕೆ ಬೇಗ ಬೆಂಕಿ ಹತ್ತುತ್ತದೆಂದು ವಿಮಾನದವರು ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಕಡೆಗೆ ಕುಚ್ಚಲಕ್ಕಿ, ಹಪ್ಪಳ, ಮಿಡಿ ಉಪ್ಪಿನಕಾಯಿಗೆ ಒಪ್ಪಂದವಾಯಿತು. ಅಲ್ಲಿ ಭಾನುವಾರ ಅಂಗಡಿಗಳೆಲ್ಲ ಬಂದ್, ಶನಿವಾರವೇ ತರಕಾರಿ ತಂದಿಡಬೇಕು.

"ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ಕೇಳಿ ಟೀಚರೇ. ಕ್ಯೂ ಇಲ್ಲ, ಎಂತ ಇಲ್ಲ, ರಾಣಿಯ ಹಾಗೆ ಹೋಗಬಹುದು."

ನನಗೆ ಒಪ್ಪಿಗೆ ಇತ್ತು. ಇವರು ಚಾವಡಿಯಿಂದಲೇ ಕೂಗಿದರು, "ನಡೆಯಲಾಗದವರು ಅಲ್ಲಿ ಕಾಯುತ್ತಿರುತ್ತಾರೆ. ನಾವು ನಡೆಯುವುದು." ಬಾಯಮ್ಮ ನನ್ನ ಮುಖ ನೋಡಿದರು, ನಾನು ಬಸಳೆ ನೋಡಿದೆ.

ನಿಜವಾದ ಸಮಸ್ಯೆ ನಾವಿಬ್ಬರೇ. ಕಳ್ಳರು, ಚಳಿ, ಭಾಷೆ ಯಾವುದರ ಹೆದರಿಕೆಯೂ ನನಗಿಲ್ಲ. ಊರಿನಲ್ಲಿ ಇವರಿಗೆ ಬೆಳಿಗ್ಗೆ ವಾಕಿಂಗ್ ಗೆಳೆಯರು, ಸಂಜೆ ಯಕ್ಷಗಾನ, ತಾಳಮದ್ದಳೆ ಉಂಟು. ನನಗೆ ನೀವುಂಟು ಬಾಯಮ್ಮ, ಮಹಿಳಾ ಸಂಘ ಉಂಟು. ನಾವಿಬ್ಬರು ಎದುರಾಬದುರು ಕೂರುವುದು ಕಾಫಿಗೆ, ಊಟಕ್ಕೆ. ಅಲ್ಲಿ ಒಂದೇ ಕೋಣೆ, ಒಂದೇ ಮೇಜು, ಎರಡು ತಿಂಗಳು. ಇವರು ಐದು ಗಂಟೆಗೆ ಎದ್ದು ಬಕೇಟು ಬಡಿಯುವವರು, ನನಗೆ ಮಧ್ಯಾಹ್ನದ ನಿದ್ದೆ ತಪ್ಪಿದರೆ ಯಾವ ಯುರೋಪೂ ಬೇಡ. ಅದಕ್ಕೆ ಮೊದಲು ಧಾರವಾಡದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಹದಿನೈದು ದಿನ ಇದ್ದು ನೋಡುವುದೆಂದು ತೀರ್ಮಾನ. ಅಲ್ಲಿ ಪಾಸಾದರೆ ಟ್ಯೂಬಿಂಗೆನ್. ಅಲ್ಲಿಗೆ ಹೋದ ಮೇಲೂ ವಾರಕ್ಕೊಂದು ದಿನ ಅವರವರ ದಾರಿ ಅವರವರಿಗೆ. ಇವರು ರೈಲು ಹತ್ತಿ ಬೇಕಾದಲ್ಲಿಗೆ ಹೋಗಲಿ, ನಾನು ಲೈಬ್ರರಿಯಲ್ಲಿ ಕೂರುತ್ತೇನೆ.

"ಮನೆ ಕೀ ನನ್ನ ಹತ್ತಿರ ಕೊಡಿ" ಎಂದರು ಬಾಯಮ್ಮ. ವಾರಕ್ಕೊಮ್ಮೆ ಬಾವಿಯ ಪಂಪು ಹಾಕಬೇಕು, ತುಳಸಿಗೆ ನೀರು ಬೇಕು, ಕಾಯಿ ತೆಗೆಯುವವನು ಬಂದರೆ ಲೆಕ್ಕ ಬರೆದಿಡಬೇಕು, ಕರೆಂಟು ಬಿಲ್ಲು ಬಂದರೆ ಫೋಟೊ ತೆಗೆದು ಕಳಿಸಬೇಕು. ಬಸಳೆಯನ್ನು ಕೊಯ್ಯಬೇಕೆಂದು ಹೇಳುವ ಅಗತ್ಯ ಇರಲಿಲ್ಲ. ಎಲ್ಲಕ್ಕೂ ತಲೆಯಾಡಿಸಿದವರು ಮೆಲ್ಲಗೆ ಕೇಳಿದರು:

"ಜರ್ಮನಿಯ ಮನೆಯಲ್ಲಿ ಎಷ್ಟು ಕೋಣೆ ಟೀಚರೇ?"

"ನಾವು ನೋಡಿದ್ದು ಒಂದು ಕೋಣೆಯದ್ದು. ಎರಡು ಕೋಣೆಯದ್ದೂ ಸಿಗುತ್ತದೆ, ಬಾಡಿಗೆ ಸ್ವಲ್ಪ ಜಾಸ್ತಿ."

"ಹಂಚಿಕೊಂಡರೆ ಕಮ್ಮಿಯಾಗುತ್ತದಲ್ಲ" ಎಂದವರೇ ತಮ್ಮ ಮನೆಯ ಕಡೆ ತಿರುಗಿ ಗಂಡನನ್ನು ಕೂಗಿದರು. "ಓಯ್, ನಿಮ್ಮ ಪಾಸ್‌ಪೋರ್ಟಿನ ಡೇಟು ಉಂಟಾ, ಮುಗಿಯಿತಾ? ಸ್ವಲ್ಪ ತೆಗೆದು ನೋಡಿ!"

ಒಳಗಿನಿಂದ ಅವರ ಗಂಡ ಪೊರ್ಬುಗಳ ಸ್ವರ ಬಂತು, "ಯಾಕೆ? ಟೊರೊಂಟೊದಿಂದ ಫೋನು ಬಂತಾ?"

"ಇಲ್ಲ. ಈ ಸಲ ಯಾರೂ ಕರೆದದ್ದಲ್ಲ, ನಾವೇ ಹೋಗುವುದು!"

ನನಗೆ ಖುಷಿಯೇ ಆಯಿತು, ನಿಜ. ಆದರೆ ಬಾಯಮ್ಮ, ನೀವೂ ಹೊರಟರೆ ನಮ್ಮ ಮನೆಯ ಕೀ ಯಾರ ಹತ್ತಿರ ಕೊಡುವುದು ಮಾರಾಯ್ತಿ?