ಮಾಡಿದ್ದು ಯಾರೆಂದು ಕೇಳಬೇಡಿ

ಟೀ ಒಳಗೆ ಮೊದಲು ಗೋಲಿ ಹಾಕಿದವರು ಯಾರು? ಈ ಒಂದು ಪ್ರಶ್ನೆ ಹಿಡಿದುಕೊಂಡು ತೈವಾನಿನ ಎರಡು ಚಹಾ ಅಂಗಡಿಗಳು ಹತ್ತು ವರ್ಷ ಕೋರ್ಟಿಗೆ ಅಲೆದವು. ತೈನಾನ್ ನಗರದ ಹಾನ್‌ಲಿನ್ ಅಂಗಡಿಯ ತು ತ್ಸೊಂಗ್-ಹೆ ಅವರ ವಾದ ಹೀಗೆ: 1986ರಲ್ಲಿ ಮಾರುಕಟ್ಟೆಯಲ್ಲಿ ಮರಗೆಣಸಿನ ಹಿಟ್ಟಿನ ಬಿಳಿ ಉಂಡೆಗಳನ್ನು ಕಂಡೆ, ಟೀಗೆ ಹಾಕಿದೆ, ಮುತ್ತಿನ ಹಾಗೆ ಕಂಡವು, ಮುತ್ತಿನ ಚಹಾ ಎಂದು ಹೆಸರಿಟ್ಟೆ. ತೈಚುಂಗ್ ನಗರದ ಚುನ್ ಶುಯಿ ತಾಂಗ್ ಅಂಗಡಿಯವರ ವಾದ ಬೇರೆ: 1988ರಲ್ಲಿ ನಮ್ಮಲ್ಲಿ ಕೆಲಸಕ್ಕಿದ್ದ ಲಿನ್ ಶಿಯು-ಹುಯಿ ಎಂಬಾಕೆ ಮೀಟಿಂಗಿಗೆಂದು ಬಂದವರು, ತಿನ್ನಲು ತಂದಿದ್ದ ಉಂಡೆಗಳನ್ನು ಐಸು ಹಾಕಿದ ಅಸ್ಸಾಂ ಟೀಗೆ ಸುರಿದುಬಿಟ್ಟರು, ಬಬಲ್ ಟೀ ಹುಟ್ಟಿದ್ದು ಆ ಲೋಟದಲ್ಲೇ. 2019ರಲ್ಲಿ ಬಂದ ತೀರ್ಪಿನ ತಾತ್ಪರ್ಯ ಇಷ್ಟು: ಈ ಪಾನೀಯವನ್ನು ಯಾರು ಬೇಕಾದರೂ ಮಾಡಬಹುದು, ಮೊದಲು ಮಾಡಿದವರು ಯಾರೆಂದು ತೀರ್ಮಾನಿಸುವ ಅಗತ್ಯವಿಲ್ಲ.

ಹತ್ತು ವರ್ಷ ಬಡಿದಾಡಿ ಇಬ್ಬರೂ ಗೆಲ್ಲಲಿಲ್ಲ ಎಂದು ಮರುಗಬೇಡಿ. ಗೆದ್ದವನು ಬೆಂಗಳೂರಿನ ಮಗರಾಯ. ‘ಯಾರು ಬೇಕಾದರೂ ಮಾಡಬಹುದು’ ಎಂಬ ಮೊದಲರ್ಧವನ್ನು ಅವನು ಪ್ರತಿ ಭಾನುವಾರ ಶಿರಸಾವಹಿಸಿ ಪಾಲಿಸುತ್ತಿದ್ದಾನೆ. ‘ಮಾಡಿದ್ದು ಯಾರೆಂದು ಕೇಳುವ ಅಗತ್ಯವಿಲ್ಲ’ ಎಂಬ ಉತ್ತರಾರ್ಧ ನಮ್ಮ ಅಡುಗೆಮನೆಗಳಲ್ಲಿ ಯಾವ ಕೋರ್ಟಿನ ಅಪ್ಪಣೆಯೂ ಇಲ್ಲದೆ ಮೊದಲಿನಿಂದಲೂ ಜಾರಿಯಲ್ಲಿದೆ.

ಮನೆಯಲ್ಲೇ ಬಬಲ್ ಟೀ ಮಾಡುವ ಚಳವಳಿ ಶುರುವಾಗುವುದು ಉಳಿತಾಯದ ಹೆಸರಿನಲ್ಲಿ. “ಮಾಲ್‌ನಲ್ಲಿ ಒಂದ್ ಲೋಟಕ್ಕೆ 250 ರೂಪಾಯಿ ಕೀಳ್ತಾರಪ್ಪ, ಮನೇಲಿ ಮಾಡಿದ್ರೆ ಮೂವತ್ತಕ್ಕೆ ಮುಗೀತು” ಎನ್ನುತ್ತಾನೆ. ಮಗನ ಬಾಯಲ್ಲಿ ಉಳಿತಾಯದ ಮಾತು ಕೇಳಿ ಅಪ್ಪ ಪೇಪರು ಕೆಳಗಿಟ್ಟು ಕನ್ನಡಕ ಒರೆಸಿಕೊಳ್ಳುತ್ತಾರೆ. ಮೂರನೇ ದಿನ ಪಾರ್ಸೆಲ್ಲುಗಳು ಬರತೊಡಗುತ್ತವೆ. ಹಿಟ್ಟಿನ ಪೊಟ್ಟಣ, ಡಬ್ಬಿ ತುಂಬ ಬೆಲ್ಲವಿದ್ದರೂ ಬ್ರೌನ್ ಶುಗರ್, ಗ್ರಾಂ ಲೆಕ್ಕ ಹಿಡಿಯುವ ತಕ್ಕಡಿ, ಟೀ ಕುಲುಕುವುದಕ್ಕೆ ಶೇಕರ್, ಎತ್ತರದ ಗಾಜಿನ ಲೋಟ. ಇಷ್ಟೆಲ್ಲ ಖರ್ಚಿನ ಪಟ್ಟಿಯಲ್ಲಿ ಪುಕ್ಕಟೆ ಸಿಕ್ಕಿದ್ದು ಒಂದೇ: ಅಮ್ಮನ ಭಾನುವಾರ ಮಧ್ಯಾಹ್ನ.

ಹಿಟ್ಟಿನ ಪೊಟ್ಟಣದ ಮೇಲೆ ‘ಟಪಿಯೋಕಾ ಸ್ಟಾರ್ಚ್’ ಎಂದಿರುತ್ತದೆ. ಅಮ್ಮ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ನೋಡಿ, “ಇದು ಸಬ್ಬಕ್ಕಿ ಮಾಡೋ ಹಿಟ್ಟಲ್ವೇನೋ?” ಎನ್ನುತ್ತಾರೆ. “ಅಯ್ಯೋ ಅಮ್ಮಾ, ಅದೇ ಬೇರೆ ಇದೇ ಬೇರೆ” ಎಂದು ಮಗರಾಯ ನಗುತ್ತಾನೆ. ಅದೂ ಅದೇ, ಇದೂ ಅದೇ. ಎರಡೂ ಮರಗೆಣಸಿನ ಪಿಷ್ಟ. ದಕ್ಷಿಣ ಅಮೆರಿಕದ ಈ ಗೆಡ್ಡೆಯನ್ನು ಪೋರ್ಚುಗೀಸರು ಮಲಬಾರಿಗೆ ತಂದರು; ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಿರುವಾಂಕೂರಿನ ವಿಶಾಖಂ ತಿರುನಾಳ್ ಮಹಾರಾಜರು ಜನರ ಹೊಟ್ಟೆ ತುಂಬಲೆಂದು ಇದನ್ನು ಬೆಳೆಸಿದರು. ತಮಿಳುನಾಡಿನ ಸೇಲಂ ಜಿಲ್ಲೆ ದೇಶಕ್ಕೆಲ್ಲ ಸಬ್ಬಕ್ಕಿ ಉಣಿಸುತ್ತದೆ. ಅಲ್ಲಿನ ಸಬ್ಬಕ್ಕಿಗೆ 2023ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಸಿಕ್ಕಿತು. ಜ್ವರ ಬಂದಾಗ ಗಂಜಿಯಾಗಿ, ಬೇಸಿಗೆಯಲ್ಲಿ ಸಂಡಿಗೆಯಾಗಿ, ಅನೇಕ ಮನೆಗಳಲ್ಲಿ ಏಕಾದಶಿಯ ಫಲಾಹಾರವಾಗಿ ನಡೆದುಬಂದ ವಸ್ತು ಅದು. ಆ ಹೆಸರಿನಲ್ಲಿ ಬಂದರೆ ಮಗರಾಯ ಮುಟ್ಟುವುದಿಲ್ಲ. ಪಾಯಸದಲ್ಲಿ ಸಬ್ಬಕ್ಕಿ ಕಂಡರೆ “ಲೋಳೆ ಲೋಳೆ” ಎಂದು ಬಟ್ಟಲಿನ ಅಂಚಿಗೆ ತಳ್ಳುವವನು, ಅದೇ ಲೋಳೆ ಗಾತ್ರದಲ್ಲಿ ದಪ್ಪವಾಗಿ, ಬಣ್ಣದಲ್ಲಿ ಕಪ್ಪಾಗಿ, ಬೆಲೆಯಲ್ಲಿ ಏರಿ ಬಂದರೆ “ಟೆಕ್ಸ್ಚರ್ ನೋಡಮ್ಮಾ” ಎನ್ನುತ್ತಾನೆ.

ಈಗ ಹಿಟ್ಟು ಕಲಸುವ ಘಟ್ಟ. ವೀಡಿಯೋದಲ್ಲಿ ಇದು ನಾಲ್ಕು ಸೆಕೆಂಡಿನ ಕೆಲಸ. ಮಗರಾಯ ನೀರಿಗೆ ಸಕ್ಕರೆ ಹಾಕಿ, ಸ್ವಲ್ಪ ಬೆಚ್ಚಗಾಗುತ್ತಲೇ ಹಿಟ್ಟು ಸುರಿಯುತ್ತಾನೆ. ಅಲ್ಲಿಂದ ಹಿಟ್ಟು ಅವನ ಮಾತು ಕೇಳುವುದಿಲ್ಲ. ಬೆರಳಿನಿಂದ ಒತ್ತಿದರೆ ಕಲ್ಲು, ಕೈಯೆತ್ತಿದರೆ ನೀರು. ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿದೆ ಎಂದುಕೊಳ್ಳುವಷ್ಟರಲ್ಲಿ ಬೆರಳ ಸಂದಿಯಿಂದ ಇಳಿದು ಮೊಣಕೈ ಸೇರಿರುತ್ತದೆ. ಅರ್ಧ ಪೊಟ್ಟಣ ಕಟ್ಟೆಯ ಮೇಲೆ, ಕಾಲು ಪೊಟ್ಟಣ ಟೀ ಶರ್ಟಿನ ಮೇಲೆ, ಉಳಿದದ್ದು ಫೋನಿನ ಸ್ಕ್ರೀನಿನ ಮೇಲೆ. ಭೌತವಿಜ್ಞಾನದಲ್ಲಿ ಇದಕ್ಕೆ ನ್ಯೂಟನ್ನನ ನಿಯಮ ಮೀರಿದ ದ್ರವ ಎನ್ನುತ್ತಾರೆ ಎಂದು ಅವನೇ ಸೋಫಾದಲ್ಲಿ ಕೂತು ಹುಡುಕಿ ಹೇಳುತ್ತಾನೆ. ಇಂಜಿನಿಯರಿಂಗ್ ಓದಿಸಿದ್ದು ಸಾರ್ಥಕ.

ಆಗ ಒಳಕೋಣೆಯಿಂದ ಅಜ್ಜಿಯ ದನಿ: “ನೀರು ಮರಳಿತ್ತೇನೋ? ಹಿಟ್ಟು ಉಕ್ಕರಿಸದೆ ಯಾರಾದ್ರೂ ಕಲಸ್ತಾರಾ?” ತೈವಾನಿನ ಅಂಗಡಿಯಿಂದ ಬೆಂಗಳೂರಿನ ಕಟ್ಟೆಯ ತನಕ ಈ ವಿದ್ಯೆಯ ಗುಟ್ಟು ಇಷ್ಟೇ. ನೀರು ಕುದಿಯಬೇಕು, ಬಿಸಿಗೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟು ಬಿಡಬೇಕು. ಮೊದಲು ಒಂದಿಷ್ಟು ಹಿಟ್ಟು ಹಾಕಿ ಗೊಟಾಯಿಸಿ, ಒಲೆಯಿಂದಿಳಿಸಿ, ಉಳಿದದ್ದನ್ನು ಸೇರಿಸಿ ಬಿಸಿಯಿರುವಾಗಲೇ ನಾದಬೇಕು. ಅಕ್ಕಿ ರೊಟ್ಟಿಗೂ ಗೌರಿ ಹಬ್ಬದ ಕಡುಬಿಗೂ ಅಜ್ಜಿ ಮಾಡುತ್ತ ಬಂದದ್ದು ಇದನ್ನೇ. ಆದರೆ ಬಿಸಿ ಹಿಟ್ಟು ಮುಟ್ಟಿದ ಮಗರಾಯ ಹಾ ಹೂ ಎಂದು ಬೆರಳಿಗೆ ಊದಿಕೊಂಡು, “ಅಮ್ಮಾ, ಒಂದೇ ಒಂದ್ ನಿಮಿಷ ನಾದಿ ಕೊಡಮ್ಮಾ” ಎನ್ನುತ್ತಾನೆ. ಆ ಒಂದು ನಿಮಿಷಕ್ಕೆ ನಮ್ಮ ಮನೆಗಳಲ್ಲಿ ಅರವತ್ತು ಸೆಕೆಂಡುಗಳ ಮಿತಿ ಇಲ್ಲ. ಅದು ಪಾತ್ರೆ ತೊಳೆದು ಬೋರಲು ಹಾಕುವ ತನಕ ನಡೆಯುತ್ತದೆ.

ನಾದಿದ್ದಾಯಿತು. ಹಿಟ್ಟನ್ನು ಬತ್ತಿಯ ಹಾಗೆ ಹೊಸೆದು, ಚಾಕುವಿನಿಂದ ತುಂಡು ಮಾಡಿ, ಒಂದೊಂದನ್ನೂ ಅಂಗೈಯಲ್ಲಿ ಉರುಟಬೇಕು. ಬೆಂದಾಗ ಉಬ್ಬುವುದರಿಂದ ಕಡಲೆಕಾಳಿಗಿಂತ ದೊಡ್ಡದಾಗಬಾರದು. ಒಣಗಿದರೆ ಬಿರುಕು ಬಿಡುತ್ತದೆ, ಅದಕ್ಕೆ ಒದ್ದೆ ಬಟ್ಟೆ ಮುಚ್ಚಿಡಬೇಕು. ಅಂಟಿಕೊಳ್ಳಬಾರದು, ಅದಕ್ಕೆ ಹಿಟ್ಟು ಉದುರಿಸುತ್ತಿರಬೇಕು. ಒಂದು ಲೋಟಕ್ಕೆ ಹಿಡಿ ತುಂಬ ಬೇಕು, ಮನೆಯಲ್ಲಿ ಲೋಟ ಐದು. ಅಮ್ಮ ಉರುಟುತ್ತಾರೆ, ಅಜ್ಜಿ ಉರುಟುತ್ತಾರೆ, “ಸೊಪ್ಪು ಬಿಡಿಸೋದಿತ್ತು” ಎನ್ನುತ್ತ ಬಂದ ಅತ್ತೆಯೂ ಕೂತು ಉರುಟುತ್ತಾರೆ. ಮಗರಾಯ ಅವರ ಕೈಗಳನ್ನು ಮಾತ್ರ ಶೂಟ್ ಮಾಡುತ್ತಾನೆ. ಮುಖ ಬೇಡವಂತೆ, ಏಸ್ತೆಟಿಕ್ ಕೆಡುತ್ತದಂತೆ.

ನಂತರ ಬೇಯಿಸುವುದು. ತಳಮಳ ಕುದಿಯುವ ನೀರಲ್ಲಿ ಇಪ್ಪತ್ತು-ಮೂವತ್ತು ನಿಮಿಷ, ಒಲೆ ಆರಿಸಿ ಮುಚ್ಚಳ ಮುಚ್ಚಿ ಮತ್ತೆ ಅಷ್ಟೇ ಹೊತ್ತು, ಆಮೇಲೆ ತಣ್ಣೀರಲ್ಲಿ ಜಾಲಿಸಿ ಸಕ್ಕರೆ ಪಾಕದಲ್ಲಿ ನೆನೆಸುವುದು. ಗ್ಯಾಸ್ ಸಿಲಿಂಡರಿನ ದುಡ್ಡು ಮೂವತ್ತು ರೂಪಾಯಿಯ ಲೆಕ್ಕದಲ್ಲಿ ಇಲ್ಲ. ಇಷ್ಟು ತಪಸ್ಸಿನ ಫಲದ ಆಯುಷ್ಯವೋ ಕೆಲವೇ ಗಂಟೆ. ಹೊತ್ತು ಕಳೆದರೆ ಪಿಷ್ಟ ಬಿಗಿಯುತ್ತದೆ, ಫ್ರಿಜ್ಜಿನಲ್ಲಿಟ್ಟರಂತೂ ಇನ್ನೂ ಬೇಗ. ಅಂಗಡಿಯವರು ದಿನಕ್ಕೆ ಹಲವು ಸಲ ಹೊಸದಾಗಿ ಬೇಯಿಸಿ, ಉಳಿದದ್ದನ್ನು ಚೆಲ್ಲುವುದು ಇದಕ್ಕೇ. ನಮ್ಮ ಮನೆಗಳಲ್ಲಿ ಚೆಲ್ಲುವ ಪದ್ಧತಿ ಇಲ್ಲ. “ಇಷ್ಟು ಕಷ್ಟಪಟ್ಟಿದ್ದು ಯಾಕೆ ಹಾಳ್ಮಾಡ್ಬೇಕು” ಎಂದು ಸೋಮವಾರ ಬೆಳಿಗ್ಗೆ ಅಮ್ಮನೇ ಅದನ್ನು ಮೊಸರಿಗೆ ಹಾಕಿಕೊಂಡು ಅಗಿಯುತ್ತಾರೆ. ಕಷ್ಟಪಟ್ಟವರೂ ಅವರೇ, ಹಾಳಾಗದಂತೆ ನೋಡಿಕೊಳ್ಳುವವರೂ ಅವರೇ. ಲೆಕ್ಕ ಚುಕ್ತಾ.

ಸ್ಟ್ರಾ ವಿಷಯಕ್ಕೆ ಬರೋಣ. ಗೋಲಿ ಹಾಯುವಷ್ಟು ದಪ್ಪನೆಯ ಪ್ಲಾಸ್ಟಿಕ್ ಸ್ಟ್ರಾ ಈ ದೇಶದಲ್ಲಿ 2022ರ ಜುಲೈ 1ರಿಂದ ನಿಷಿದ್ಧ. ಹಾಗಾಗಿ ಮಗರಾಯ ಪರಿಸರಪ್ರೇಮಿಯಾಗಿ ಸ್ಟೀಲ್ ಸ್ಟ್ರಾಗಳ ಸೆಟ್ ತರಿಸಿದ್ದಾನೆ. ಒಂದು ತುದಿ ಓರೆಯಾಗಿ ಕತ್ತರಿಸಿ ಚೂಪು ಮಾಡಿದ್ದು. ಅಂಗಡಿಯಲ್ಲಿ ಲೋಟದ ಬಾಯಿಗೆ ಅಂಟಿಸಿದ ಹಾಳೆಯನ್ನು ಚುಚ್ಚಲು ಆ ಚೂಪು ಬೇಕು. ಮನೆಯ ಲೋಟಕ್ಕೆ ಹಾಳೆಯೇ ಇಲ್ಲ. ಚುಚ್ಚುವುದಿದ್ದರೆ ಕುಡಿಯುವವರ ಅಂಗುಳನ್ನೇ. ಜೊತೆಗೊಂದು ಉದ್ದನೆಯ ಬ್ರಷ್ ಬರುತ್ತದೆ, ಒಳಗೆ ಮೆತ್ತಿದ ಪಾಕ ತಿಕ್ಕುವುದಕ್ಕೆ. ಸೆಟ್‌ನಲ್ಲಿ ಮಗರಾಯ ಮುಟ್ಟದೆ ಉಳಿಸಿದ ಏಕೈಕ ವಸ್ತು ಆ ಬ್ರಷ್. ಚಮಚದಲ್ಲಿ ತಿಂದರಾಗದೇ ಎಂದು ಕೇಳಿದರೆ “ಆಗ ಪಾಯಸ ಆಗೋಗತ್ತೆ” ಎಂಬ ಉತ್ತರ ಬರುತ್ತದೆ.

ಇಷ್ಟಾದ ಮೇಲೆ ಆರೋಗ್ಯದ ಭಾಷಣ. “ಅಂಗಡೀದು ಕೆಮಿಕಲ್, ಇದು ಹೋಮ್‌ಮೇಡ್.” ಒಳಗಿರುವುದೇನು? ಪಿಷ್ಟದ ಉಂಡೆ, ಅದನ್ನು ಕಲಸಿದ್ದು ಸಕ್ಕರೆ ನೀರಲ್ಲಿ, ನೆನೆಸಿದ್ದು ಸಕ್ಕರೆ ಪಾಕದಲ್ಲಿ, ಮುಳುಗಿಸಿದ್ದು ಸಕ್ಕರೆ ಬೆರೆಸಿದ ಟೀಯಲ್ಲಿ. ತೈವಾನಿನ ಅಂಗಡಿಯವನಾದರೂ ಪೂರ್ತಿಯೋ ಅರ್ಧವೋ ಬೇಡವೇ ಬೇಡವೋ ಎಂದು ಸಕ್ಕರೆಯ ಪ್ರಮಾಣ ಕೇಳುತ್ತಾನೆ. ಸಿಂಗಪುರ ಸರ್ಕಾರ 2023ರ ಡಿಸೆಂಬರ್ 30ರಿಂದ ಅಂಗಡಿಯಲ್ಲಿ ಆಗಷ್ಟೇ ಮಾಡಿಕೊಡುವ ಪಾನೀಯಗಳಿಗೂ ಎ ಬಿ ಸಿ ಡಿ ದರ್ಜೆಯ ನಿಯಮ ತಂದಿತು. ಸಕ್ಕರೆ ಹೆಚ್ಚಿದ್ದರೆ ‘ಡಿ’ ಎಂದು ಬರೆಯಲೇಬೇಕು. ನಮ್ಮ ಮನೆಯ ಲೋಟಕ್ಕೆ ‘ಡಿ’ ಕೊಡುವ ಧೈರ್ಯ ಯಾವ ಸರ್ಕಾರಕ್ಕಿದೆ? ಅಮ್ಮನ ಕೈಯಲ್ಲಿ ಆದದ್ದೆಲ್ಲ ಅಮೃತ. ಶುಗರ್ ಮಾತ್ರೆ ನುಂಗಿ ಬಂದ ಅಪ್ಪ “ಮನೇದು ತಾನೆ” ಎಂದು ಎರಡನೇ ಲೋಟಕ್ಕೆ ಕೈ ಚಾಚುತ್ತಾರೆ.

ಆಮೇಲೆ ರೀಲ್ ಹೊರಬರುತ್ತದೆ. ಲೋಟದ ಒಳಗೋಡೆಗೆ ಕಂದು ಪಾಕ ಇಳಿಯುತ್ತಿದೆ, ಹಾಲು ಸುರಿಯುತ್ತಿದೆ, ಗೋಲಿಗಳು ಕುಣಿಯುತ್ತಿವೆ, ಹಿನ್ನೆಲೆಗೆ ಸಂಗೀತ. ಕೆಳಗೆ ‘ಮೇಡ್ ಬೈ ಮಿ’. ಪ್ರಾಮಾಣಿಕವಾಗಿ ಬರೆಯುವುದಾದರೆ ಸಿನಿಮಾ ಮುಗಿದಾಗ ಓಡುವ ಹೆಸರುಗಳಂತೆ ಅದು ಹೀಗಿರಬೇಕಿತ್ತು: ತಂತ್ರಜ್ಞಾನ ಅಜ್ಜಿ, ನಾದಿದವರು ಅಮ್ಮ, ಉರುಟಿದವರು ಅಮ್ಮ, ಅಜ್ಜಿ ಮತ್ತು ಅತ್ತೆ, ಒಲೆ ಕಾದವರು ಅಮ್ಮ, ಸ್ಟ್ರಾ ತಿಕ್ಕಿದವರು ಅಮ್ಮ, ಬಂಡವಾಳ ಅಪ್ಪ, ಬೆರಳು ಸುಟ್ಟುಕೊಂಡವರು ಮಗರಾಯ. ಆದರೆ ಚಿತ್ರಮಂದಿರದಲ್ಲಿ ಆ ಹೆಸರುಗಳು ಓಡುವ ಹೊತ್ತಿಗೆ ನಾವೆಲ್ಲ ಪಾರ್ಕಿಂಗಿನಲ್ಲಿರುತ್ತೇವೆ.

ಒಂದು ಮಾತು ಒಪ್ಪಬೇಕು. ತೈವಾನಿನ ಚುನ್ ಶುಯಿ ತಾಂಗ್ ಅಂಗಡಿ ತನ್ನ ವ್ಯಾಪಾರಕ್ಕಾಗಿಯೇ ಇರಲಿ, ಕೆಲಸಕ್ಕಿದ್ದಾಕೆಯ ಹೆಸರನ್ನು ಬಾಯಿಬಿಟ್ಟು ಹೇಳಿತು. ಸೋತರೂ ಗೆದ್ದರೂ ಲಿನ್ ಶಿಯು-ಹುಯಿ ಎಂಬ ಹೆಸರು ನಾಲ್ಕು ಜನಕ್ಕೆ ಗೊತ್ತಾಯಿತು. ನಮ್ಮ ಅಡುಗೆಮನೆಯ ಕೆಲಸದ ಮೇಲೆ ಯಾರೂ ದಾವೆ ಹೂಡುವುದಿಲ್ಲ. ದಾವೆ ಹೂಡಬೇಕಾದರೆ ಎದುರಾಳಿ ಮಗನೇ ಆಗಬೇಕು, ಕೋರ್ಟಿಗೆ ಹೋಗುವ ಮುನ್ನ ಅವನಿಗೆ ತಿಂಡಿ ಮಾಡಿಡಬೇಕು.

ಹಾಗಾಗಿ ಅಮ್ಮ ಕಾನೂನು ಬಿಟ್ಟು ಧರ್ಮದ ಮೊರೆ ಹೋದರು. “ಮುಂದಿನ ಭಾನುವಾರ ನನ್ನ ಫ್ರೆಂಡ್ಸ್ ಬರ್ತಾರಮ್ಮಾ, ಎಂಟು ಲೋಟ” ಎಂದು ಮಗ ಘೋಷಿಸಿದಾಗ ಪಂಚಾಂಗ ತಿರುವಿ, “ಅವತ್ತು ಏಕಾದಶಿ ಕಣೋ, ನಂಗೆ ಉಪವಾಸ, ಒಲೆ ಹತ್ರ ನಿಲ್ಲಕ್ಕಾಗಲ್ಲ” ಎಂದರು. ಮಗರಾಯ ಕ್ಷಣವೂ ಯೋಚಿಸಲಿಲ್ಲ. ಸಬ್ಬಕ್ಕಿ ಬೇರೆ, ಇದು ಬೇರೆ ಎಂದಿದ್ದ ಅದೇ ಬಾಯಲ್ಲಿ ಹೇಳಿದ:

“ಸರಿ ಹೋಯ್ತಲ್ಲಮ್ಮಾ! ಇದೂ ಸಬ್ಬಕ್ಕಿನೇ ತಾನೆ, ಉಪವಾಸಕ್ಕೆ ನಡೆಯತ್ತೆ. ಒಂಬತ್ತು ಲೋಟ ಮಾಡ್ಬಿಡು.”