ಮಂಚದ ಮೇಲಿನ ಮಂಗೋಲಿಯಾ

ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಒಬ್ಬ ಮಾವ ಇದ್ದಾರೆ. ಓಣಿಗೆಲ್ಲ ಅವರು ಮಾವನೇ. ಸೈಬೀರಿಯಾದ ಯಾವ ಹೊಳೆಗೆ ಸೇತುವೆ ಇಲ್ಲ ಎಂದು ಕೇಳಿ, ಥಟ್ಟನೆ ಹೇಳುತ್ತಾರೆ. ಕೂಡ್ಲಿಗಿ ಬಸ್ಸು ಎಷ್ಟಕ್ಕೆ ಎಂದು ಕೇಳಿ, ಹೆಂಡತಿಯ ಮುಖ ನೋಡುತ್ತಾರೆ.

ಸಂಜೆ ದೀಪ ಹಚ್ಚಿದ ಮೇಲೆ ಮಾವನ ಸವಾರಿ ಹೊರಡುತ್ತದೆ. ಟಿವಿ ಮುಂದೆ ಮಂಚ, ಬೆನ್ನಿಗೆ ಎರಡು ದಿಂಬು, ತೊಡೆಯ ಮೇಲೆ ಒಗ್ಗರಣೆ ಮಂಡಕ್ಕಿಯ ತಟ್ಟೆ, ಅದರಂಚಿಗೆ ನಾಲ್ಕು ಮಿರ್ಚಿ. ಪರದೆಯ ಮೇಲೆ ಬೈಕು ಎಡಕ್ಕೆ ವಾಲಿದರೆ ಮಾವನ ಹೆಗಲೂ ವಾಲುತ್ತದೆ, ತಟ್ಟೆಯೂ ವಾಲುತ್ತದೆ. ಬೈಕು ಹೊಳೆಗಿಳಿದರೆ ಪಂಚೆ ಮೊಣಕಾಲಿಗೇರುತ್ತದೆ. ಅದು ಆಚೆ ದಂಡೆ ಹತ್ತುವ ತನಕ ಬಾಯಲ್ಲಿನ ಮಿರ್ಚಿ ಒಳಗೂ ಹೋಗದು, ಹೊರಗೂ ಬಾರದು.

‘ಲಾಂಗ್ ವೇ ರೌಂಡ್’ ಅವರ ಪಾಲಿನ ಪುರಾಣ. 2004ರಲ್ಲಿ ನಟ ಯುವಾನ್ ಮೆಕ್‌ಗ್ರೆಗರ್ ಮತ್ತು ಗೆಳೆಯ ಚಾರ್ಲಿ ಬೂರ್ಮನ್ ಬಿಎಂಡಬ್ಲ್ಯು ಬೈಕೇರಿ ಲಂಡನ್ನಿನಿಂದ ಪೂರ್ವಕ್ಕೆ ಹೊರಟು, ಸುಮಾರು 30 ಸಾವಿರ ಕಿಲೋಮೀಟರು ಸುತ್ತಿ ನ್ಯೂಯಾರ್ಕ್ ಮುಟ್ಟಿದ ಕಥೆ ಅದು. ಮಂಗೋಲಿಯಾದಲ್ಲಿ ಕ್ಯಾಮೆರಾದವನ ಬೈಕಿನ ಚಾಸಿ ಮುರಿದು, ಅವನು ಬಡಪಾಯಿ ರಷ್ಯನ್ ಬೈಕೊಂದನ್ನು ಹತ್ತಿ ಮುಂದೆ ಸಾಗುವ ಕಂತು ಬಂದರಂತೂ ಮಾವ ನೆರೆಯವರನ್ನೆಲ್ಲ ಕೂಗುತ್ತಾರೆ. “ನೋಡ್ರಿ, ಲಕ್ಷಗಟ್ಟಲೆ ಬೈಕು ಮುರೀತು! ನಮ್ ಸ್ಪ್ಲೆಂಡರ್ ಆಗಿದ್ರೆ ಹಿಂಗಾಗ್ತಿತ್ತಾ?”

ಆಗುತ್ತಿರಲಿಲ್ಲ. ಸ್ಪ್ಲೆಂಡರ್ ಹಿತ್ತಲಲ್ಲಿ ಗೋಣಿಚೀಲ ಹೊದ್ದು ನಿಂತು ವರ್ಷಗಳಾದವು. ಸದ್ಯ ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿದೆ.

ನೆದರ್‌ಲೆಂಡ್ಸಿನ ಭೂವಿಜ್ಞಾನಿ ನೊರಾಲಿ ನಮ್ಮ ದೇಶಕ್ಕೆ ಬಂದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಕೊಂಡು, ಅದಕ್ಕೆ ‘ಬಸಂತಿ’ ಎಂದು ಹೆಸರಿಟ್ಟು ಒಬ್ಬಳೇ ದೇಶದೇಶ ಸುತ್ತಿದ್ದೂ ಮಾವನಿಗೆ ಬಾಯಿಪಾಠ. ಆ ಕಂತು ನಡೆದಾಗ ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಒಬ್ಬಾಕಿ ಹೆಣ್ಮಗಳು ಜಗತ್ತು ಸುತ್ತಿದ್ಳು. ನೀವು ಹಡಗಲಿಗೆ ಹೋಗಿ ನಾಕು ಮೊಳ ಮಲ್ಲಿಗಿ ತರ್ರಿ ನೋಡಾಣ.”

“ಈ ಬಿಸಿಲಾಗಾ? ಆ ತಗ್ಗು-ದಿಣ್ಣಿ ದಾರ‍್ಯಾಗಾ? ನಡ ಉಳೀತೈತೇನು?” ಎಂದರು, ಆಗಷ್ಟೇ ಸೈಬೀರಿಯಾದ ಕೆಸರು ದಾಟಿ ಬಂದ ಮಾವ. ಹಗರಿಬೊಮ್ಮನಹಳ್ಳಿಯ ಬೀಗರ ಮದುವೆಗೂ ಅವರು ಹೋಗಿರಲಿಲ್ಲ. ಅವತ್ತು ಅಲಾಸ್ಕಾ ಇತ್ತು.

ಒಮ್ಮೆ ನಾನೇ ಕೆಣಕಿದೆ: “ಮಾವ, ದಾವಣಗೆರೆ ಜನ ನಡಕೊಂಡೇ ಕೊಟ್ಟೂರ ತೇರಿಗೆ ಹೋಗ್ತಾರೆ. ನಿಮಗೆ ಬೈಕಿದ್ದೂ ಹೊಸ್ತಿಲು ದಾಟೋದಾಗಲ್ಲ.”

ಮಾವ ರಿಮೋಟ್ ಒತ್ತಿ ಸವಾರಿ ನಿಲ್ಲಿಸಿದರು. “ನಮ್ಮೂರು ನೋಡು. ಮೊದಲು ಬಳ್ಳಾರಿ ಜಿಲ್ಲೆ. 1997ಕ್ಕೆ ದಾವಣಗೆರೆಗೆ ಹೋತು. ತಿರುಗಿ ಬಳ್ಳಾರಿಗೆ ಬಂತು. 2021ಕ್ಕೆ ವಿಜಯನಗರ ಸೇರ್ತು. ಒಂದು ಗೇಣರ ಅಲ್ಲಾಡೈತಾ? ಊರೇ ಕುಂತಲ್ಲೇ ಮೂರು ಜಿಲ್ಲೆ ತಿರುಗೈತಿ, ನಾನ್ಯಾಕ ಏಳ್ಲಿ?”

ನನಗೆ ಉತ್ತರ ಹೊಳೆಯಲಿಲ್ಲ. ಮಂಚದ ತುದಿಗೆ ಕೂತು ತಟ್ಟೆಗೆ ಕೈಹಾಕಿದೆ. ಮಿರ್ಚಿ ಕೊಟ್ಟೂರಿನದು. ತಂದುಕೊಟ್ಟವನು ಬಸ್ಸಿನ ಕಂಡಕ್ಟರು.